ಇಳಿಯದ ಕೂಸು

ನಮ್ಮೂರಿನಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದರೆ ಹೊಲ ಎಷ್ಟು, ಎಮ್ಮೆ ಎಷ್ಟು ಎಂದು ಕೇಳುವ ಮೊದಲು ತಲೆ ಎತ್ತಿ ಮಾಳಿಗೆ ನೋಡುತ್ತಾರೆ. ತೊಲೆಯಲ್ಲಿ ಮೊಳೆ ಎದ್ದಿವೆಯೇ, ಮೂಲೆಯಲ್ಲಿ ಜೇಡ ಮನೆ ಮಾಡಿದೆಯೇ, ಬೆಳಕಿಂಡಿಗೆ ಸರಳು ಹಾಕಿಸಿದ್ದಾರೆಯೇ ಎಂದು ಕಣ್ಣಿನಲ್ಲೇ ಸವರಿಕೊಂಡು ಆಮೇಲೆ ಚಹಾ ಮುಟ್ಟುತ್ತಾರೆ. ನಾಳೆ ಮಗಳು ಹೆತ್ತರೆ ಆ ಕೂಸು ಮೊದಲ ಕೆಲವು ತಿಂಗಳು ಇರಬೇಕಾದದ್ದು ಅಲ್ಲೇ ತಾನೆ.

ನಮ್ಮಲ್ಲಿ ಕೂಸುಗಳು ಹುಟ್ಟುತ್ತಲೇ ಮೇಲಕ್ಕೇಳುತ್ತವೆ. ಸೂಲಗಿತ್ತಿ ಹೊಕ್ಕುಳು ಕೊಯ್ಯುವ ಮೊದಲೇ ಉಡಿದಾರ ಕಟ್ಟಿ, ಅದಕ್ಕೊಂದು ಉದ್ದನೆಯ ನೂಲು ಗಂಟು ಹಾಕಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಬಿಗಿದಿರುತ್ತಾಳೆ. ತಾಯಿಯ ಹಾಲು ಹೊಟ್ಟೆಗೆ ಇಳಿದ ಹಾಗೆಲ್ಲ ಕೂಸೂ ಇಳಿಯುತ್ತದೆ. ಮೊದಲು ತೊಲೆಯ ಮಟ್ಟ, ಆಮೇಲೆ ದೇವರ ಪಟದ ಮಟ್ಟ, ಆಮೇಲೆ ಗೂಟಕ್ಕೆ ನೇತುಹಾಕಿದ ಅಂಗಿಯ ಮಟ್ಟ. ಮೂರು ತಿಂಗಳು ತುಂಬುವ ಹೊತ್ತಿಗೆ ಹಾಸಿಗೆಯ ಮೇಲೆ. ಅಲ್ಲಿಯವರೆಗೆ ಆ ಮನೆಯಲ್ಲಿ ಫ್ಯಾನು ಹಚ್ಚುವಂತಿಲ್ಲ. ಹೊರಗೆ ಕರೆದುಕೊಂಡು ಹೋಗುವಾಗ ನೂಲನ್ನು ಮುಂಗೈಗೆ ಸುತ್ತಿಕೊಂಡು ಮೇಲೊಂದು ಕೊಡೆ ಹಿಡಿಯಬೇಕು. ಕೊಡೆ ಬಿಸಿಲಿಗಲ್ಲ, ಕೂಸು ತಲೆ ತಾಗಿಸಿಕೊಂಡು ನಿಲ್ಲಲಿ ಎಂದು.

ನಾನು ಹಳೆಯ ಸೀರೆಗಳನ್ನು ಪದರು ಪದರಾಗಿ ಸೇರಿಸಿ ಕೌದಿ ಹೊಲಿಯುವವಳು. ಬೇರೆ ಊರುಗಳಲ್ಲಿ ಕೌದಿಯನ್ನು ನೆಲಕ್ಕೆ ಹಾಸುತ್ತಾರಂತೆ. ನಮ್ಮಲ್ಲಿ ಮಾಳಿಗೆಗೆ ಬಿಗಿಯುತ್ತೇವೆ, ಕೂಸಿನ ತಲೆಗೆ ಪೆಟ್ಟಾಗಬಾರದಲ್ಲ. ನನ್ನ ಪಕ್ಕದ ಮನೆಯವರು ಗಿರಣಿಯವರು. ನಡುವೆ ಒಂದೇ ಗೋಡೆ. ಅವರ ಸೊಸೆ ಮಂದಾಕಿನಿಗೆ ದಿನ ತುಂಬಿದಾಗ ಅವರ ನಡುಮನೆಯ ಮಾಳಿಗೆಗೆ ಕೌದಿ ಹೊಲಿದವಳು ನಾನೇ. ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಅವಳ ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ತಾಯಿ ಇಲ್ಲದ ಹುಡುಗಿ ನನ್ನನ್ನು ಚಿಗವ್ವ ಎಂದು ಕರೆಯುತ್ತಿದ್ದಳು.

ಗಿರಣಿಯವರ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಆ ಮನೆಯ ಗಂಡಸರಿಗೆ ‘ರ’ ಬರುವುದಿಲ್ಲ. ‘ಳ’ವೂ ಬರುವುದಿಲ್ಲ. ಎರಡಕ್ಕೂ ‘ಯ’ ಎನ್ನುತ್ತಾರೆ. ಯಜಮಾನ ಗುರಪಾದಪ್ಪ ತನ್ನ ಹೆಸರನ್ನೇ ಗುಯಪಾದಪ್ಪ ಎಂದು ಹೇಳಿಕೊಂಡು ಅರವತ್ತು ದಾಟಿದ್ದ. ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ ಆ ಕಸುಬು ಅವರಿಗೆ ಮೂರು ತಲೆಮಾರಿನಿಂದ ಒಗ್ಗಿತ್ತು. ಅವನ ಹೆಂಡತಿ ದುಂಡವ್ವ ಹೆಸರಿಗೆ ಮಾತ್ರ ದುಂಡವ್ವ, ಮೈ ಕಡ್ಡಿಯಂತಿತ್ತು, ಮಾತು ಅದಕ್ಕಿಂತ ಚುರುಕು. ಮಗ ಮುರಿಗೆಪ್ಪನಿಗೆ ಹೆಣ್ಣು ಹುಡುಕುವಾಗ ಅವಳು ಜಾತಕ ಕೇಳಲಿಲ್ಲ, ಹುಡುಗಿಯ ಹೆಸರಿನಲ್ಲಿ ‘ರ’ ಇದೆಯೇ ಎಂದು ಕೇಳಿದಳು. ಹಾಗೆ ಬಂದವಳು ಮಂದಾಕಿನಿ. ಹೆಣ್ಣು ನೋಡುವ ದಿನ ಮುರಿಗೆಪ್ಪ ಬಾಯೇ ಬಿಡಲಿಲ್ಲ. ಎಷ್ಟು ಗಂಭೀರ ಹುಡುಗ, ಲೋಕ ಕಂಡವನು ಎಂದು ಹೆಣ್ಣಿನವರು ಒಪ್ಪಿದರು. ಮದುವೆಯಾದ ಮೇಲೆ ಅವನು ಮೊದಲ ಸಲ ‘ಒಂದು ತಂಬಿಗಿ ನೀಯು ಕೊಡು’ ಎಂದಾಗ ಮಂದಾಕಿನಿ, ಪಾಪ ನಾಚಿಕೆಗೆ ನಾಲಿಗೆ ತೊಡರಿತು ಎಂದುಕೊಂಡಳಂತೆ.

ಕೂಸು ಹುಟ್ಟಿತು. ಗಂಡು. ತೊಲೆಯ ಹತ್ತಿರ ಏರಿ ಕೌದಿಗೆ ಬೆನ್ನು ಹಚ್ಚಿ, ಕೆಳಗಿನ ಎಲ್ಲರನ್ನೂ ನೋಡುತ್ತ ಅತ್ತಿತು. ಗುರಪಾದಪ್ಪ ತನ್ನ ಮುತ್ತಜ್ಜ ರಾಚಪ್ಪನ ಹೆಸರನ್ನೇ ಇಡಬೇಕೆಂದು ಹಟ ಹಿಡಿದ. ತೊಟ್ಟಿಲ ದಿನ ಸೋದರತ್ತೆ ಏಣಿ ಹತ್ತಿ ಕೂಸಿನ ಕಿವಿಯಲ್ಲಿ ಹೇಳುವ ಮುಂಚೆ, ‘ಹೆಸರು ಏನಂದ್ರಿ?’ ಎಂದು ಕೆಳಗೆ ಕೇಳಿದಳು. ‘ಯಾಚಪ್ಪ!’ ಎಂದು ಗುರಪಾದಪ್ಪ ಕೂಗಿದ. ಅವಳು ಹಾಗೇ ಹೇಳಿದಳು. ಹಾಗಾಗಿ ಮನೆಯಲ್ಲಿ ಹೆಂಗಸರಿಗೆ ರಾಚು, ಗಂಡಸರಿಗೆ ಯಾಚು ಎಂದಾಯಿತು. ಊಟ ಉಡುಗೊರೆಗಳಿಗೆ ಅದರಿಂದ ಏನೂ ಕೊರತೆಯಾಗಲಿಲ್ಲ.

ಕೊರತೆಯಾದದ್ದು ಹಾಲಿನಲ್ಲಿ. ಮಂದಾಕಿನಿ ನೂಲು ಎಳೆದು ಕೂಸನ್ನು ಕೆಳಗಿಳಿಸಿ, ಸೆರಗಿನಿಂದ ಇಬ್ಬರನ್ನೂ ಸೇರಿಸಿ ಬಿಗಿದುಕೊಂಡು ಮೊಲೆಗೆ ಹಚ್ಚಿದರೆ, ಅದು ಚೀಪುವಾಗ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಎರಡು ಸಲ ಟಕ್ ಎನ್ನಿಸಿ ಬಿಟ್ಟುಬಿಡುವುದು, ಮತ್ತೆ ಹುಡುಕುವುದು, ಮತ್ತೆ ಟಕ್. ಹಾಲು ಗಂಟಲಿಗಿಂತ ಗಲ್ಲಕ್ಕೇ ಹೆಚ್ಚು ಹೋಗುತ್ತಿತ್ತು. ದಣಿದು ನಿದ್ದೆ ಹೋಗುವುದು, ಮೇಲೆ ಬಿಟ್ಟ ಸ್ವಲ್ಪ ಹೊತ್ತಿಗೆ ಹಸಿವಿನಿಂದ ಚೀರುವುದು. ಬಾಯಲ್ಲಿ ಉಳಿದದ್ದು ಮೇಲಿನಿಂದ ತೊಟ್ಟಿಕ್ಕಿ, ಊಟಕ್ಕೆ ಕುಳಿತ ಗುರಪಾದಪ್ಪನ ಬೋಳುತಲೆಯ ಮೇಲೆ ಬೀಳುತ್ತಿತ್ತು. ಮೊದಲ ದಿನ ಅವನು ಅದನ್ನು ಮೊಮ್ಮಗನ ಅಭಿಷೇಕ ಎಂದು ಸಂತೋಷಪಟ್ಟ. ಮರುದಿನದಿಂದ ರುಮಾಲು ಸುತ್ತಿಕೊಂಡು ಊಟಕ್ಕೆ ಕುಳಿತ.

ಮಂದಾಕಿನಿಯ ಮೊಲೆ ತೊಟ್ಟು ಒಡೆದು ರಕ್ತ ಬರುತ್ತಿತ್ತು. ಕೂಸು ಬಾಯಿ ಹಾಕುವಾಗೆಲ್ಲ ಅವಳು ಕಾಲಿನ ಬೆರಳು ಮಡಚಿ ಹಲ್ಲು ಕಚ್ಚುತ್ತಿದ್ದಳು. ಓಣಿಯಲ್ಲಿ ಅವಳ ಜೊತೆ ಹೆತ್ತವರ ಕೂಸುಗಳು ದೇವರ ಪಟ ದಾಟಿ ಅಂಗಿಯ ಗೂಟಕ್ಕೆ ಬಂದವು. ರಾಚು ಮಾತ್ರ ತೊಲೆ ಬಿಟ್ಟು ಕದಲಲಿಲ್ಲ. ಬೆಳಗಾದರೆ ಒಬ್ಬೊಬ್ಬರು ಬಾಗಿಲಲ್ಲಿ ಇಣುಕಿ, ತಲೆ ಎತ್ತಿ ನೋಡಿ, ‘ಇನ್ನಾ ಅಲ್ಲೇ ಅದಾನೇನು?’ ಎಂದು ಕೇಳಿ ಹೋಗುತ್ತಿದ್ದರು.

‘ಹಾಲು ನೀರಾಗೈತಿ’ ಎಂದು ದುಂಡವ್ವ ತೀರ್ಪು ಕೊಟ್ಟಳು. ‘ಗಟ್ಟಿ ಹಾಲಿದ್ರ ಕೂಸು ಗಟ್ಟಿ ಇಳೀತಿತ್ತು.’

ಅಂದಿನಿಂದ ಮಂದಾಕಿನಿಗೆ ತಿನ್ನಿಸುವ ಹಬ್ಬ ಶುರುವಾಯಿತು. ಅಂಟಿನುಂಡಿ, ಅಳ್ವಿ ಪಾಯಸ, ಬೆಳ್ಳುಳ್ಳಿ ಹುರಿದು ಹಾಕಿದ ಸಬ್ಬಸಗಿ ಪಲ್ಯ, ಮೆಂತ್ಯದ ಗಂಜಿ. ಒಬ್ಬಳು ಬಂದು ಒಣಕೊಬ್ಬರಿ ಎಂದಳು, ಇನ್ನೊಬ್ಬಳು ಕೊಬ್ಬರಿ ಬೇಡವೇ ಬೇಡ ಎಂದಳು. ಇಬ್ಬರ ಮಾತನ್ನೂ ಮೀರಬಾರದೆಂದು ದುಂಡವ್ವ ಅರ್ಧ ಕೊಬ್ಬರಿ ತಿನ್ನಿಸಿದಳು. ಕೂಸಿಗೆ ದೃಷ್ಟಿ ತೆಗೆಯಲು ಮೆಣಸಿನಕಾಯಿ ಸುಟ್ಟರು. ಹೊಗೆ ಮೇಲಕ್ಕೇ ಹೋಗುವುದರಿಂದ ಕೂಸು ಸೀನಿದ್ದೇ ಲಾಭ. ಕೊನೆಗೆ ಗುರಪಾದಪ್ಪ ಗಿರಣಿಯಿಂದ ಹಿತ್ತಾಳೆಯ ತೂಕದ ಬಟ್ಟುಗಳನ್ನು ತಂದು ಕೂಸಿನ ಕಾಲಿಗೆ ಕಟ್ಟಿ ಇಳಿಸಿ ತೋರಿಸಿದ. ‘ನೋಡು, ಇಯೀತು!’ ಎಂದು ಚಪ್ಪಾಳೆ ತಟ್ಟಿದ. ಮಾವ ಅತ್ತ ಹೋದ ಮೇಲೆ ಮಂದಾಕಿನಿ ಬಟ್ಟು ಬಿಚ್ಚಿದಳು. ಗೋಡೆಯಾಚೆ ನನ್ನ ಹತ್ತಿರ ಬಂದು ಅತ್ತಳು.

‘ಚಿಗವ್ವಾ, ನಾ ದಪ್ಪ ಆಗಾಕಹತ್ತೀನಿ, ಕೂಸು ಬಡವಾಗಾಕಹತ್ತೈತಿ. ಹಾಲು ಐತಿ. ರವಿಕಿ ತೊಯ್ದು ಹೋಗ್ತೈತಿ. ನೀರಾಗಿದ್ರ ಮೈ ಯಾಕ ಇಷ್ಟು ಬಿಗಿತಿತ್ತು?’

ನಾನು ಎದ್ದು ಕೌದಿಗೆ ಇನ್ನೊಂದು ಪದರು ಹೊಲಿದುಕೊಟ್ಟೆ. ನನ್ನ ಕೈಲಾದದ್ದು ಅಷ್ಟೇ.

ಒಂದು ಮಧ್ಯಾಹ್ನ ಮಂದಾಕಿನಿ ಹಾಲುಣಿಸಿ ಸಾಕಾಗಿ, ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಅಂಗಾತ ಬಿದ್ದಿದ್ದಳು. ನೂಲು ಸ್ವಲ್ಪ ಗಿಡ್ಡ ಮಾಡಿದ್ದರಿಂದ ಕೂಸು ಅವಳ ಮುಖದ ಮೇಲೇ, ಕೈಗೆಟಕುವ ಎತ್ತರದಲ್ಲಿ, ಬೋರಲಾಗಿ ತೇಲುತ್ತಿತ್ತು. ಬೆಳಕಿಂಡಿಯ ಬಿಸಿಲು ನೆಲದ ಮೇಲಿನ ತಂಬಿಗೆಗೆ ಬಡಿದು, ಅದರ ಹೊಳಪು ನೇರ ಕೂಸಿನ ಬಾಯಿಗೆ ಬಿದ್ದಿತ್ತು. ಅದು ಬಾಯಿ ತೆರೆದು ಅಳತೊಡಗಿತು. ಮಂದಾಕಿನಿ ಎದ್ದು ಎತ್ತಿಕೊಳ್ಳುವ ಬದಲು ಹಾಗೇ ನೋಡುತ್ತ ಉಳಿದಳು. ಅಷ್ಟು ಗಟ್ಟಿಯಾಗಿ ಅಳುವ ಕೂಸಿನ ನಾಲಿಗೆ ಮೇಲೇಳಬೇಕಲ್ಲ? ಏಳುತ್ತಿರಲಿಲ್ಲ. ಅಂಗುಳಿನ ಕಡೆ ಏಳಲು ಹೋಗಿ ನಡುವೆಯೇ ತಡೆದು ನಿಲ್ಲುತ್ತಿತ್ತು. ನಾಲಿಗೆಯ ಕೆಳಗೆ, ತುದಿಯವರೆಗೂ, ಬೆಳ್ಳಗೆ ಒಂದು ತೆಳು ಪೊರೆ ಬಿಗಿದು ಹಿಡಿದಿತ್ತು. ಆ ಎಳೆತಕ್ಕೆ ತುದಿಯ ನಡುವೆ ಕಚ್ಚು ಬಿದ್ದು, ವೀಳ್ಯದೆಲೆಯ ತೊಟ್ಟಿನ ಕಡೆ ಇರುತ್ತದಲ್ಲ, ಹಾಗೆ ಕಾಣುತ್ತಿತ್ತು.

ಅವಳು ಓಡಿ ಬಂದು ನನ್ನನ್ನು ಕರೆದೊಯ್ದಳು. ನಾನೂ ಆ ಚಾಪೆಯ ಮೇಲೆ ಅಂಗಾತ ಮಲಗಿದೆ. ಈ ವಯಸ್ಸಿನಲ್ಲಿ ಮಲಗುವುದು ಸುಲಭ, ಏಳುವುದಕ್ಕೆ ಇಬ್ಬರು ಬೇಕು. ಆದರೆ ನಾನೂ ಕಂಡೆ.

‘ನಾಲಿಗಿ ಕಟ್ಟೈತಲ್ಲ, ಮಂದಾ!’

‘ಹೊಟ್ಟಿಗೆ ಕಟ್ಟಿದ ದಾರ ಸಾಲದಂತ ಬಾಯಾಗೂ ಒಂದು ಕಟ್ಟಿ ಕಳಿಸ್ಯಾನ ದೇವ್ರು’ ಎಂದಳು ಅವಳು. ಎಷ್ಟೋ ದಿನಗಳ ಮೇಲೆ ನಕ್ಕಳು.

ಆ ಸಂಜೆ ಅವಳು ಗಂಡನಿಗೆ ನಾಲಿಗೆ ಚಾಚು ಎಂದಳು. ಮುರಿಗೆಪ್ಪ ಯಾಕೆ ಎನ್ನದೆ ಚಾಚಿದ. ಹಲ್ಲಿನ ಹೊಸ್ತಿಲು ದಾಟಲಿಲ್ಲ. ಅವಳಿಗೆ ಅರ್ಧ ಅರ್ಥವಾಯಿತು. ಇನ್ನು ಮಾವನದು ನೋಡಬೇಕು. ತಲೆ ಮೇಲಿನ ಸೆರಗು ಜಾರದಂತೆ ನಡೆಯುವ ಸೊಸೆ, ಮಾವಾರ ನಾಲಿಗೆ ತೋರಿಸ್ರಿ ಎಂದು ಹೇಗೆ ಕೇಳುವುದು? ಮರುದಿನ ಹೋಳಿಗೆ ಮಾಡಿದಳು. ತುಪ್ಪವನ್ನು ಬೇಕೆಂದೇ ಧಾರಾಳವಾಗಿ ಸುರಿದು ಬಡಿಸಿದಳು. ಗುರಪಾದಪ್ಪನ ಮೇಲ್ದುಟಿಗೂ ಮೀಸೆಗೂ ತುಪ್ಪ ಹತ್ತಿತು. ಅವನು ನೆಕ್ಕಿಕೊಳ್ಳಲು ನೋಡಿದ. ನಾಲಿಗೆ ಹಲ್ಲಿನ ಹಿಂದೆಯೇ ಒದ್ದಾಡಿತು. ಕೆಳದುಟಿಯನ್ನು ಮೇಲಕ್ಕೆಳೆದು ಮೀಸೆಗೆ ಮುಟ್ಟಿಸಲು ಹೋದ, ಮೂಗು ಸೊಟ್ಟಗೆ ಮಾಡಿದ, ಆಮೇಲೆ ಕೈ ಬೆನ್ನಿನಿಂದ ಒರೆಸಿಕೊಂಡ. ಮಂದಾಕಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ನಗು ಬರಲಿಲ್ಲ. ಅರವತ್ತು ವರ್ಷ ಈ ಮನುಷ್ಯ ತುಪ್ಪವನ್ನು ಕೈಗೆ ಒರೆಸಿಕೊಂಡಿದ್ದಾನೆ ಎನ್ನಿಸಿತು.

ಮಕ್ಕಳ ಡಾಕ್ಟರು ತಬಸ್ಸುಮ್ ಬಾಯಿಯ ದವಾಖಾನೆಯಲ್ಲಿ ಗಿಳಿ ಮೊಲದ ಚಿತ್ರಗಳನ್ನೆಲ್ಲ ಮಾಳಿಗೆಗೇ ಅಂಟಿಸಿದ್ದಾರೆ. ಮಂದಾಕಿನಿ ಕೊಡೆ ಹಿಡಿದು, ನನ್ನನ್ನು ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋದಳು. ಡಾಕ್ಟರಬಾಯಿ ಅವಸರ ಮಾಡಲಿಲ್ಲ. ಮೊದಲು ಹಾಲುಣಿಸಲು ಹೇಳಿ ನೋಡಿದಳು. ಟಕ್ ಟಕ್ ಸದ್ದು ಕಿವಿಗೊಟ್ಟು ಕೇಳಿದಳು. ಆಮೇಲೆ ಕೈ ತೊಳೆದು ಬೆರಳನ್ನು ನಾಲಿಗೆಯ ಕೆಳಗೆ ಆಡಿಸಿದಳು.

‘ನಿನ್ನ ಹಾಲಿಗೆ ಏನೂ ಆಗಿಲ್ಲವ್ವಾ’ ಎಂದಳು. ‘ಚೀಪಬೇಕಾದ್ರ ನಾಲಿಗಿ ಮುಂದ ಬಂದು ಮೊಲಿ ತಬ್ಬಿ ಹಿಡೀಬೇಕು. ಇವನ ನಾಲಿಗಿಗೆ ಆಗವಲ್ದು. ಅದಕ್ಕ ವಸಡಿಲೇ ಕಚ್ಚತಾನ, ನಿನಗ ಗಾಯ, ಅವನಿಗೆ ಉಪವಾಸ.’

‘ಕತ್ತರಿಸಬೇಕೇನ್ರೀ?’

‘ನಾಲಿಗಿ ಅಲ್ಲ, ಆ ಪೊರಿ ಅಷ್ಟ. ಪೊರಿ ಇದ್ದ ಕೂಸಿಗೆಲ್ಲಾ ಕತ್ತರಿ ಹಾಕಬೇಕಂತಿಲ್ಲ. ಎಷ್ಟೋ ಕೂಸು ಅದರ ಜೋಡೀನ ಹಾಲು ಕುಡೀತಾವ, ಮಾತೂ ಆಡ್ತಾವ. ಕೂಸು ಹಿಡಿಯೋ ರೀತಿ ಬದ್ಲಿಸಿ ತೋರಸ್ತೀನಿ, ಒಂದು ವಾರ ನೋಡು. ಆಗಲಿಲ್ಲಂದ್ರ ಮನ್ಯಾಗ ಹಿರೇರನ್ನ ಕೇಳಿ ಬಾ. ಚಿಟಿಕಿ ಹೊಡಿಯೋದ್ರಾಗ ಮುಗಿಯೋ ಕೆಲಸ.’

ವಾರ ಕಳೆಯಿತು. ಕೂಸು ಹೊಸ ರೀತಿಯಲ್ಲಿ ಟಕ್ ಟಕ್ ಎಂದಿತು, ಅಷ್ಟೇ. ಮಂದಾಕಿನಿ ಗಂಡನ ಬಾಯಿಂದ ವಿಷಯವನ್ನು ಮಾವನಿಗೆ ತಲುಪಿಸಿದಳು. ಗುರಪಾದಪ್ಪ ಉಣ್ಣುತ್ತಿದ್ದ ತಾಟು ಸರಿಸಿ ಎದ್ದುಬಿಟ್ಟ.

‘ನಾಲಿಗಿಗೆ ಕತ್ತಯಿ ಹಾಕ್ತಾಯಂತ! ನಮ್ಮ ಯಾಚಪ್ಪಜ್ಜ ಸುಯ್ಯು ಆಡೂದಿಲ್ಲಂತ ಮಠದಾಗ ಆಣಿ ಮಾಡಿ ನಾಲಿಗಿ ಕಟ್ಟಿಸಿಕೊಂಡಾವ. ಇದು ನಮ್ಮ ಮನಿತನದ ಗುಯುತು. ಮುಯಿಗಿ ಎಯಡು ವಯ್ಸ ಮ್ಯಾಲಿದ್ದ. ಏನಾತು? ಗಿಯಣಿ ನಡಸಾಕಹತ್ತಿಲ್ಲೇನು? ಕತ್ತಯಿಸಿದ ನಾಲಿಗಿ ಸುಯ್ಯು ಆಡ್ತೈತಿ!’

ಅಂದರೆ, ಕತ್ತರಿಸಿದ ನಾಲಿಗೆ ಸುಳ್ಳು ಆಡುತ್ತದೆ. ಆ ಮಾತಿಗೆ ಎದುರು ಹೇಳಿದರೆ ತಾನೇ ಸುಳ್ಳಿನ ಕಡೆಯವಳಾಗುತ್ತೇನೆಂದು ಮಂದಾಕಿನಿ ದುಂಡವ್ವನ ಮುಖ ನೋಡಿದಳು. ಎಲ್ಲದಕ್ಕೂ ಮೊದಲು ಬಾಯಿ ಹಾಕುವ ದುಂಡವ್ವ ಅಂದು ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು. ತಿಕ್ಕಿದ್ದ ಪಾತ್ರೆಗಳನ್ನೇ ತಿಕ್ಕುತ್ತಿದ್ದಳು ಎಂಬುದು ನನಗೆ ಗೋಡೆಯ ಮೇಲಿಂದ ಕಾಣಿಸಿತು.

ಕತ್ತರಿ ಬೇಡ, ವಿಭೂತಿ ಸಾಕು ಎಂದು ಸಾಧಿಸಲು ಗುರಪಾದಪ್ಪ ಬರುವ ಸೋಮವಾರ ಕೂಸನ್ನು ಮಠಕ್ಕೆ ಒಯ್ಯುವುದೆಂದು ನಿಶ್ಚಯಿಸಿದ. ನೂಲನ್ನು ತಾನೇ ಹಿಡಿದ, ಕೊಡೆಯನ್ನೂ ತಾನೇ ಹಿಡಿದ. ಮಂದಾಕಿನಿಯೂ ನಾನೂ ಹಿಂದೆ. ಪೇಟೆಯ ನಡುವೆ ಗಾಣದ ಅಂಗಡಿ ಬಂದಾಗ, ಮಠದ ದೀಪಕ್ಕೆ ಎಣ್ಣೆ ಬೇಕೆಂದು ಅವನು ನಮ್ಮಿಬ್ಬರನ್ನು ಒಳಗೆ ಕಳಿಸಿ ಹೊರಗೆ ನಿಂತ. ಆಗ ಎದುರಿನಿಂದ ಬೀಗರ ಕಡೆಯ ಹಿರಿಯರೊಬ್ಬರು ಬಂದರು. ‘ಶರಣ್ರೀ ಗಿರಣಿ ಯಜಮಾನ್ರ!’ ಎಂದರು. ಗುರಪಾದಪ್ಪ ಮರ್ಯಾದಸ್ಥ. ಹಿರಿಯರು ಶರಣು ಎಂದರೆ ಎರಡೂ ಕೈ ಜೋಡಿಸದೆ ಇರುವವನಲ್ಲ. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಜೋಡಿಸಿದ.

ಮುಂಗೈಯ ಸುತ್ತು ಸಡಿಲಾಗಿ ನೂಲು ಬೆರಳುಗಳ ನಡುವಿಂದ ನುಸುಳಿತು. ರಾಚು ಮೇಲಕ್ಕೆ ಹೋದ.

ನಮ್ಮೂರಿನಲ್ಲಿ ಇಂಥದ್ದು ಆಗೀಗ ಆಗುತ್ತದೆ, ಅದಕ್ಕೆ ಎಲ್ಲರೂ ತಯಾರಿರುತ್ತಾರೆ. ‘ಕೂಸು ಹಾರಿತು’ ಎಂದು ಒಬ್ಬರು ಕೂಗಿದರೆ ಸಾಕು. ಮಾಳಿಗೆಗಳ ಮೇಲೆ ಕೊಕ್ಕೆ ಕಟ್ಟಿದ ಬಿದಿರ ಗಳ ಹಿಡಿದು ಹೆಂಗಸರು ಏಳುತ್ತಾರೆ, ಅಂಗಡಿಯವರು ಮುಂದೆ ನೆರಳಿಗೆ ಕಟ್ಟಿದ ಗೋಣಿತಟ್ಟು ಬಿಚ್ಚಿ ಎತ್ತಿ ಹಿಡಿಯುತ್ತಾರೆ. ಒಂದು ಕೂಸೂ ಊರ ಹೊರಗೆ ಹೋದದ್ದಿಲ್ಲ. ಗುರಪಾದಪ್ಪ ಕೂಗಿದ. ಎದೆ ಹರಿಯುವಂತೆ ಕೂಗಿದ. ಬರ್ರಿ ಬರ್ರಿ, ಕೂಸು ಹಾರಿತು ಎನ್ನಬೇಕಿತ್ತು.

‘ಬಯ್ಯಿ! ಬಯ್ಯಿ! ಕೂಸು ಹಾಯಿತು! ದಾಯ ಹಿಡೀಯಿ!’

ಬಳೆ ಅಂಗಡಿಯವನಿಗೂ ಬಾಳೆಹಣ್ಣಿನವಳಿಗೂ ಕಟ್ಟೆಯ ಜಾಗಕ್ಕಾಗಿ ಹಳೆಯ ಮುನಿಸು. ‘ಬಯ್ಯಿ’ ಎಂದು ಊರ ಹಿರಿಯನೇ ಅಪ್ಪಣೆ ಕೊಟ್ಟ ಮೇಲೆ ತಡವೇಕೆ ಎಂದು ಅವನು ಬೈಯತೊಡಗಿದ. ಅವಳೇನು ಕಡಿಮೆಯೇ? ಜನ ಅತ್ತ ಸೇರಿತು. ಇತ್ತ ‘ಹಾಯಿತು’ ಎಂದದ್ದು ಕಿವಿಗೆ ಬಿದ್ದವರು ಗೂಳಿ ಹಾಯಿತೆಂದು ತಿಳಿದು ಚಕ್ಕಡಿ ಗಾಡಿ ಹತ್ತಿದರು. ಶರಣು ಎಂದ ಹಿರಿಯರೇ ಎಲ್ಲರಿಗಿಂತ ಮೊದಲು ಹತ್ತಿದ್ದರು. ಗುರಪಾದಪ್ಪ ಆಕಾಶಕ್ಕೆ ಕೈ ತೋರಿಸಿ ಕುಣಿಯುತ್ತಿದ್ದ. ಗೂಳಿ ಹಾಯ್ದ ಪೆಟ್ಟಿಗೆ ಮನುಷ್ಯನ ತಲೆ ಕೆಟ್ಟಿತು ಎಂದು ಯಾರೋ ಅವನ ತಲೆಗೆ ನೀರು ಹಾಕಿದರು.

ಗದ್ದಲ ಕೇಳಿ ಮಂದಾಕಿನಿ ಎಣ್ಣೆಯ ಪಾತ್ರೆ ಹಿಡಿದು ಹೊರಗೆ ಬಂದಳು. ಮಾವನ ಬರಿಗೈ ನೋಡಿದಳು. ಮೇಲೆ ನೋಡಿದಳು. ರಾಚು ಅಂಗಡಿಗಳ ತಗಡು ದಾಟಿ, ಮುಷ್ಟಿ ಚೀಪುತ್ತ, ಯಾರ ಹಂಗೂ ಇಲ್ಲದೆ ಏರುತ್ತಿದ್ದ. ಆ ಮನೆಗೆ ಬಂದ ಮೇಲೆ ಮಾವನ ಎದುರು ಒಂದು ದಿನವೂ ದನಿ ಎತ್ತಿದವಳಲ್ಲ ಅವಳು. ಪಾತ್ರೆ ಬಿಸಾಕಿದಳು. ಸೆರಗು ಹೆಗಲಿಗೆ ಬಿತ್ತು.

‘ಕೂಸು ಹಾರೈತಿ! ದಾರ ಹಿಡೀರಿ! ನನ್ನ ಕೂಸು ಹಾರೈತಿ!’

ಆ ಒಂದು ಕೂಗಿಗೆ ಪೇಟೆಯೆಲ್ಲ ತಿರುಗಿತು. ಬೈಗುಳ ಅರ್ಧಕ್ಕೇ ನಿಂತಿತು. ತಟ್ಟುಗಳು ಎದ್ದವು, ಗಳಗಳು ಎದ್ದವು. ಗಾಳಿ ರಾಚುವನ್ನು ಮೂಡಲಿಗೆ ತಳ್ಳಿತು. ಜನ ಕೆಳಗೆ ಓಡಿದರು, ಮಂದಾಕಿನಿ ಎಲ್ಲರಿಗಿಂತ ಮುಂದೆ, ಬಾಯಿ ಮುಚ್ಚದೆ ಕೂಗುತ್ತ. ಕೊನೆಯ ಮನೆಯ ಮಾಳಿಗೆಯ ಮೇಲೆ ಒಬ್ಬ ಮುದುಕಿ ಶಾವಿಗೆ ಒಣಗಿಸುತ್ತಿದ್ದಳು. ಕೊಕ್ಕೆ ತರಲು ಹೊತ್ತಿಲ್ಲವೆಂದು ಶಾವಿಗೆ ನೇತುಹಾಕಿದ ಗಳವನ್ನೇ ಎತ್ತಿ ಬೀಸಿದಳು. ನೂಲು ಗಳಕ್ಕೆ ಸುತ್ತಿಕೊಂಡಿತು. ರಾಚು ಕೆಳಗೆ ಬಂದಾಗ ಮೈತುಂಬ ಶಾವಿಗೆ, ಮದುಮಗನ ಬಾಸಿಂಗದ ಹಾಗೆ ಹಣೆಯ ಮೇಲೂ ನಾಲ್ಕು ಎಳೆ.

ಮಂದಾಕಿನಿ ಅವನನ್ನು ಎದೆಗೆ ಒತ್ತಿಕೊಂಡು ವಾಪಸು ಬಂದಾಗ ಗುರಪಾದಪ್ಪ ಗಾಣದ ಅಂಗಡಿಯ ಮೆಟ್ಟಿಲ ಮೇಲೆ, ಚೆಲ್ಲಿದ ಎಣ್ಣೆಯಲ್ಲೇ, ಕುಳಿತಿದ್ದ. ತಲೆಗೆ ಸುರಿದ ನೀರು ಮೀಸೆಯಿಂದ ಇಳಿಯುತ್ತಿತ್ತು. ಅವನು ಸೊಸೆಯನ್ನು ನೋಡಲಿಲ್ಲ.

‘ಇಡೀ ಪ್ಯಾಟಿ ಇತ್ತವ್ವಾ’ ಎಂದ. ‘ನನ್ನ ಮಾತು ಯಾಯಿಗೂ ತಿಯೀಲಿಲ್ಲ.’

ಅವಳಿಗೆ ಸಿಟ್ಟಿತ್ತು. ಬಾಯಿ ತೆರೆದರೆ ಏನು ಬರುತ್ತಿತ್ತೋ. ಆದರೆ ಆ ಮುದುಕನ ಕೈ ಇನ್ನೂ ನೂಲು ಹಿಡಿದ ಹಾಗೆಯೇ ಬಿಗಿದುಕೊಂಡಿತ್ತು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಹೇಳಿದಳು: ‘ಮಾವಾರ, ನಡೀರಿ, ದವಾಖಾನಿಗೆ ಹೋಗೂಣು.’

ಅವನು ಎದ್ದು ಕೊಡೆ ಬಿಚ್ಚಿದ.

ಡಾಕ್ಟರಬಾಯಿ ಹೇಳಿದ್ದು ಸುಳ್ಳಲ್ಲ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ತಲೆ ಹಿಡಿಯಲು ನರ್ಸಿಗೆ ಹೇಳಿ, ಬೆರಳಿನಿಂದ ನಾಲಿಗೆ ಎತ್ತಿ, ಸಣ್ಣ ಕತ್ತರಿಯಿಂದ ಕಚಕ್ ಎನ್ನಿಸಿದಳು. ರಾಚು ಚೀರಿದ. ಒಂದೆರಡು ಹನಿ ರಕ್ತ. ಗುರಪಾದಪ್ಪ ಬಾಗಿಲಾಚೆ ಗೋಡೆಗೆ ಹಣೆ ಒತ್ತಿ ನಿಂತಿದ್ದ. ‘ಹಾಲು ಕೊಡು’ ಎಂದಳು ಡಾಕ್ಟರಬಾಯಿ. ಮಂದಾಕಿನಿ ಅಭ್ಯಾಸದಂತೆ ಕಾಲಿನ ಬೆರಳು ಮಡಚಿ, ಹಲ್ಲು ಕಚ್ಚಿ, ಕೂಸನ್ನು ಹಚ್ಚಿಕೊಂಡಳು. ಟಕ್ ಎಂದಿತು. ಮತ್ತೊಂದು ಟಕ್. ಆಮೇಲೆ ಸದ್ದು ನಿಂತಿತು. ಆಮೇಲೆ ನಾವು ಅಲ್ಲಿಯವರೆಗೆ ಕೇಳದೇ ಇದ್ದ ಇನ್ನೊಂದು ಸದ್ದು ಬಂತು, ಗುಟುಕ್, ಗುಟುಕ್ ಎಂದು.

ಮಂದಾಕಿನಿಯ ಕಾಲಿನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ‘ಚಿಗವ್ವಾ, ನೋಯವಲ್ದು’ ಎಂದಳು. ಹಾಗೆಂದು ಗಳಗಳನೆ ಅತ್ತಳು.

ಎಲ್ಲವೂ ಅಂದೇ ಸರಿಹೋಯಿತು ಎಂದರೆ ತಪ್ಪಾಗುತ್ತದೆ. ಬಿಚ್ಚಿದ ನಾಲಿಗೆಗೂ ಚೀಪುವುದನ್ನು ಕಲಿಯಬೇಕಲ್ಲ. ಕೆಲವು ದಿನ ಮರೆತು ಟಕ್ ಎನ್ನುತ್ತಿತ್ತು, ಮತ್ತೆ ನೆನಪಾಗಿ ಗುಟುಕ್ ಎನ್ನುತ್ತಿತ್ತು. ಆದರೆ ಕೂಸು ಇಳಿಯತೊಡಗಿತು. ತೊಲೆ ಬಿಟ್ಟ ದಿನ ಓಣಿಗೆಲ್ಲ ಸಕ್ಕರೆ ಹಂಚಿದರು. ದೇವರ ಪಟದ ಮಟ್ಟಕ್ಕೆ ಬಂದಾಗ ಅದು ದೇವರ ಹೂವಿನ ಹಾರ ಕಿತ್ತು ಬಾಯಿಗಿಟ್ಟುಕೊಂಡಿತು. ಅಂಗಿಯ ಗೂಟಕ್ಕೆ ಬಂದಾಗ ಮುರಿಗೆಪ್ಪ ಗಿರಣಿಯಿಂದ ಬಂದು, ಹಿಟ್ಟು ಹತ್ತಿದ ಅಂಗಿಯನ್ನು ಅಭ್ಯಾಸಬಲದಿಂದ ಮಗನ ಮೇಲೇ ನೇತುಹಾಕಿ ಬೈಸಿಕೊಂಡ.

ಈ ನಡುವೆ ಗುರಪಾದಪ್ಪ, ರಕ್ತದೊತ್ತಡ ತೋರಿಸಿಕೊಂಡು ಬರುತ್ತೇನೆಂದು ಒಬ್ಬನೇ ಹೊರಟವನು ಬಾಯಿಗೆ ಕರ್ಚೀಫು ಒತ್ತಿಕೊಂಡು ವಾಪಸು ಬಂದ. ತಬಸ್ಸುಮ್ ಬಾಯಿ ತಾನು ಮಕ್ಕಳ ಡಾಕ್ಟರು ಎಂದರೂ ಬಿಡದೆ, ಅವಳಿಂದಲೇ ದೊಡ್ಡವರ ಡಾಕ್ಟರಿಗೆ ಚೀಟಿ ಬರೆಸಿಕೊಂಡು, ನಾಲಿಗೆಯ ಕೆಲಸ ಮುಗಿಸಿದ್ದ. ‘ನೋವಾತೇನ್ರೀ?’ ಎಂದು ನಾನು ಕೇಳಿದೆ. ಕಣ್ಣಲ್ಲಿ ನೀರು ತುಂಬಿಕೊಂಡು, ಇಲ್ಲವೇ ಇಲ್ಲ ಎಂದು ತಲೆಯಾಡಿಸಿದ. ರಾಚಪ್ಪಜ್ಜ ಆಣೆ ಮಾಡಿದ ಮೇಲೆ ಆ ಮನೆತನ ಆಡಿದ ಮೊದಲ ಸುಳ್ಳು ಅದೇ ಇರಬೇಕು.

ಆ ವಯಸ್ಸಿನ ನಾಲಿಗೆಗೆ ಕತ್ತರಿಯೊಂದೇ ಸ್ವರ ಕಲಿಸುವುದಿಲ್ಲ, ಅಭ್ಯಾಸ ಬೇಕು ಎಂದು ಹೇಳಿ ಕಳಿಸಿದ್ದರು. ಅವನು ಬೆಳಗ್ಗೆ ಗಿರಣಿ ಶುರು ಮಾಡುವ ಮೊದಲು ಕಟ್ಟೆಯ ಮೇಲೆ ಕುಳಿತು ‘ರ್ರ್ರ್’ ಎನ್ನತೊಡಗಿದ. ಮೊದಮೊದಲು ಗಿರಣಿಯೇ ಶುರುವಾಯಿತೆಂದು ಜನ ಜೋಳದ ಡಬ್ಬಿ ಹೊತ್ತು ಬರುತ್ತಿದ್ದರು. ಎಷ್ಟೋ ವಾರಗಳ ಮೇಲೆ ‘ರ’ ಬಂತು. ಬಂದದ್ದೇ ತೊಂದರೆಯಾಯಿತು. ಜನ್ಮವಿಡೀ ಎಲ್ಲವನ್ನೂ ‘ಯ’ ಎಂದವನಿಗೆ ಯಾವುದು ನಿಜವಾದ ‘ಯ’, ಯಾವುದು ‘ರ’ ಎಂದು ಹೇಗೆ ಗೊತ್ತಾಗಬೇಕು? ಯಾವುದಕ್ಕೂ ಇರಲಿ ಎಂದು ಎಲ್ಲ ಕಡೆ ‘ರ’ ಹಚ್ಚಿದ. ಒಂದು ದಿನ ಹಿಟ್ಟಿನ ಬುಟ್ಟಿಗೆ ಬಾಯಿ ಹಾಕಲು ಬಂದ ನಾಯಿಯನ್ನು ನೋಡಿ, ಗಿರಣಿ ತುಂಬ ಹೆಂಗಸರು ನಿಂತಿರುವಾಗ, ‘ಈ ನಾರಿ ದಿನಾ ಬಂದು ಹಿಟ್ಟು ತಿಂತೈತಿ, ಬಡಿಗಿ ತರ್ರಿ!’ ಎಂದು ಗುಡುಗಿದ. ಹೆಂಗಸರು ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟರು. ನಾಯಿ ಮಾತ್ರ ಕದಲಲಿಲ್ಲ. ದುಂಡವ್ವ ಮನೆಮನೆಗೆ ಹೋಗಿ ಅವರನ್ನು ಸಮಾಧಾನ ಮಾಡಬೇಕಾಯಿತು.

ಮುರಿಗೆಪ್ಪ ಮಾತ್ರ ದವಾಖಾನೆಗೆ ಹೋಗಲಿಲ್ಲ. ಮಂದಾಕಿನಿ ಕೇಳಿದ್ದಕ್ಕೆ, ‘ನನ್ನ ಮಾತು ತಿಯಿಯೋಯು ಮನ್ಯಾಗ ಅದಾಯಲ್ಲ, ಸಾಕು’ ಎಂದ.

ರಾಚು ನೆಲ ಮುಟ್ಟಿದ ದಿನ ನಾನು ಮಾಳಿಗೆಯ ಕೌದಿ ಬಿಚ್ಚಿಕೊಳ್ಳಲು ಹೋಗಿದ್ದೆ. ಏಣಿಯ ಮೇಲಿದ್ದೆ. ಕೆಳಗೆ ಮಂದಾಕಿನಿ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದಳು. ಕೂಸು ಹಾಲು ಕುಡಿದು, ನೂಲಿಲ್ಲದೆ, ಅವಳ ಎದೆಯ ಮೇಲೆ ಬಾಯಿ ತೆರೆದು ಮಲಗಿತ್ತು. ಒಳಗಿನಿಂದ ದುಂಡವ್ವ ಕೂಗಿದಳು, ‘ರೊಟ್ಟಿ ಆರಾಕಹತ್ತೈತಿ, ಬಾ!’

‘ಬರಾಕ ಆಗವಲ್ದ್ರೀ ಅತ್ತಿ’ ಎಂದಳು ಮಂದಾಕಿನಿ, ದನಿ ತಗ್ಗಿಸಿ. ‘ಕೂಸು ಭಾರ ಆಗ್ಯಾನ. ಕೈ ಜೋಮು ಹಿಡದೈತಿ.’

ಸ್ವಲ್ಪ ಹೊತ್ತಿಗೆ ದುಂಡವ್ವ ತಾಟು ಹಿಡಿದು ಬಂದಳು. ಸೊಸೆಯ ಪಕ್ಕ ಕುಳಿತು, ರೊಟ್ಟಿ ಮುರಿದು, ಪಲ್ಯ ಅದ್ದಿ, ಅವಳ ಬಾಯಿಗಿಟ್ಟಳು. ಮಂದಾಕಿನಿ ಬೆರಗಾಗಿ ಅಗಿಯುವುದನ್ನೇ ಮರೆತಳು. ಎರಡು ಮೂರು ತುತ್ತಾದ ಮೇಲೆ ದುಂಡವ್ವ, ತಾಟು ನೋಡುತ್ತಲೇ ಮಾತಾಡಿದಳು.

‘ನನ್ನ ಹಾಲೂ ನೀರು ಅಂದಿದ್ರು. ನಮ್ಮತ್ತಿ ಅಂದಿದ್ಲು, ಊರು ಅಂದಿತ್ತು. ನಾನೂ ಹೌದು ಅಂತ ನಂಬಿದ್ದೆ. ಮುರಿಗಿ ಎರಡು ವರ್ಷ ಮ್ಯಾಲಿದ್ದ. ಇಳಿದ ದಿನಾನ ಎದ್ದು ಓಡಿದ.’ ಅವಳು ಇನ್ನೊಂದು ತುತ್ತು ಮುರಿದಳು. ‘ನನ್ನ ಮ್ಯಾಲೆ ಮಲಗಲಿಲ್ಲ.’

ಮಂದಾಕಿನಿ ಬಾಯಲ್ಲಿದ್ದ ತುತ್ತು ನುಂಗಿದಳು. ಆಮೇಲೆ ಜೋಮು ಹಿಡಿದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಕೂಸನ್ನು ಎಚ್ಚರವಾಗದಂತೆ ಎರಡೂ ಕೈಯಲ್ಲಿ ಎತ್ತಿ ಅತ್ತೆಯ ಎದೆಯ ಮೇಲಿಟ್ಟಳು.

ದುಂಡವ್ವನ ಕಡ್ಡಿಯಂಥ ಮೈ ಆ ಭಾರಕ್ಕೆ ಹಿಂದಕ್ಕೆ ವಾಲಿ ಗೋಡೆಗೆ ಆತುಕೊಂಡಿತು. ರೊಟ್ಟಿಯ ತುಣುಕು ಬೆರಳಲ್ಲೇ ಉಳಿಯಿತು. ಹೊರಗೆ ಕಟ್ಟೆಯ ಮೇಲಿಂದ ಗುರಪಾದಪ್ಪ ಯಾರನ್ನೋ ಊಟಕ್ಕೆ ಕರೆಯುತ್ತ, ಒಂದು ಮಾತಿಗೆ ಎರಡು ‘ರ’ ಹಚ್ಚಿ ಕೂಗುತ್ತಿದ್ದ.

‘ಏ, ಸುಮ್ಕಿರ್ರಿ!’ ಎಂದು ದುಂಡವ್ವ ಉಸಿರಿನಲ್ಲೇ ಗದರಿದಳು. ‘ಕೂಸು ಮಲಗೈತಿ.’